ಹಗಲಲ್ಲಿ ಖಾಲಿಯಾಗುವ ಊರು: ಮಾಲೂರು–ಬಂಗಾರಪೇಟೆ ರೈಲು ಸಾಲಿನ ಜನಕ್ಕೆ ನಿಜವಾಗಿ ಏನು ಬೇಕು?

ಹೋದ ವರ್ಷ ಮನೆಯ ಖಾತೆಗೆ ಸಂಬಂಧಪಟ್ಟ ಒಂದೇ ಒಂದು ಕಾಗದ ಬೇಕಾಗಿತ್ತು. ಅದಕ್ಕೆ ಮೂರು ದಿನ ರಜೆ ಹಾಕಿದೆ. ಮೊದಲ ದಿನ ಸಹಿ ಹಾಕಬೇಕಾದವರು ಮೀಟಿಂಗ್‌ಗೆ ಹೋಗಿದ್ದರು. ಎರಡನೇ ದಿನ ಸರ್ವರ್ ಕೈಕೊಟ್ಟಿತ್ತು. ಮೂರನೇ ದಿನ ಮಧ್ಯಾಹ್ನ ಕಾಗದ ಸಿಕ್ಕಿತು. ಕೌಂಟರಿನಲ್ಲಿ ಕೂತವರು ಮರ್ಯಾದೆಯಿಂದಲೇ ಮಾತಾಡಿದರು. ಆದರೂ ಮೂರು ದಿನದ ಸಂಬಳ ಹೋಯಿತು. ಆ ಕಚೇರಿ ತೆರೆದಿರುವಾಗ ನಾನು ಊರಲ್ಲಿ ಇರುವುದಿಲ್ಲ. ನಾನು ಊರಲ್ಲಿ ಇರುವಾಗ ಅದು ತೆರೆದಿರುವುದಿಲ್ಲ.

ನನ್ನ ಮನೆ ಇರುವುದು ವೈಟ್‌ಫೀಲ್ಡ್ ದಾಟಿದ ಮೇಲೆ ಸಿಗುವ ರೈಲು ಸಾಲಿನ ಊರೊಂದರಲ್ಲಿ. ದೇವನಗೊಂದಿ, ಮಾಲೂರು, ಟೇಕಲ್, ಬಂಗಾರಪೇಟೆ. ಅಲ್ಲಿಂದ ಕೆಜಿಎಫ್ ಕಡೆಗೆ ತಿರುಗಿದರೆ ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಎಲ್ಲವೂ ಕೋಲಾರ ಜಿಲ್ಲೆಗೆ, ಇಲ್ಲವೇ ಅದರ ಅಂಚಿಗೆ ಸೇರಿದ ಜಾಗಗಳು. ಬಂಗಾರಪೇಟೆಯಿಂದ ಮೆಜೆಸ್ಟಿಕ್‌ಗೆ ರೈಲಿನಲ್ಲಿ ಸುಮಾರು 70 ಕಿಲೋಮೀಟರ್. ಇಲ್ಲಿ ಕತ್ತಲಿರುವಾಗಲೇ ಸ್ಟೇಷನ್ ಮುಂದಿನ ಟೀ ಅಂಗಡಿ ತೆರೆಯುತ್ತದೆ. ಎಂಟು ಗಂಟೆ ಹೊತ್ತಿಗೆ ಗಟ್ಟಿಮುಟ್ಟಾದವರಲ್ಲಿ ಬಹಳಷ್ಟು ಮಂದಿ ಊರು ಬಿಟ್ಟಿರುತ್ತಾರೆ. ಆಮೇಲೆ ಬೀದಿಯಲ್ಲಿ ಕಾಣುವವರು ವಯಸ್ಸಾದವರು, ಚಿಕ್ಕ ಮಕ್ಕಳು, ಅಂಗಡಿಯವರು.

ಈ ಊರುಗಳ ಸಮಸ್ಯೆ ಏನು ಅಂತ ಯಾರನ್ನು ಕೇಳಿದರೂ ಮೊದಲು ಬರುವ ಮಾತು ರೈಲು. ಗಾಡಿ ಸಾಲದು, ಗಾಡಿ ತಡ, ನಿಲ್ಲಲೂ ಜಾಗ ಇಲ್ಲ. ಎಲ್ಲವೂ ನಿಜ. ಆದರೆ ಇಷ್ಟು ವರ್ಷ ಓಡಾಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಬೇರೆ. ಇಲ್ಲಿ ಊರಿನ ಆಡಳಿತ ಪೂರ್ತಿ ಹಗಲಿನದು, ಊರಿನ ಜನ ಪೂರ್ತಿ ರಾತ್ರಿಯವರು. ಈ ಎರಡೂ ಒಂದಕ್ಕೊಂದು ಸೇರದೆ ಇರುವುದರಿಂದಲೇ ಚರಂಡಿಯಿಂದ ಹಿಡಿದು ಆಸ್ಪತ್ರೆಯ ತನಕ ಎಲ್ಲವೂ ಅರ್ಧಕ್ಕೆ ನಿಂತಿವೆ.

ಮೊದಲು ರೈಲಿನ ಕತೆ ನೋಡೋಣ, ಯಾಕೆಂದರೆ ಊರು ಹೀಗಾಗಿದ್ದು ಅದರ ಮೇಲೆಯೇ.

ಬೆಂಗಳೂರು ದಂಡು ಮತ್ತು ಜೋಲಾರ್‌ಪೇಟೆ ನಡುವೆ ರೈಲು ಶುರುವಾಗಿದ್ದು 1864ರಲ್ಲಿ. ಮೂವತ್ತು ವರ್ಷದ ನಂತರ ಚಿನ್ನದ ಗಣಿಗೆ ಕವಲು ಹಾಕಿದರು. ಆಗ ಜನ ಕೆಲಸ ಹುಡುಕಿಕೊಂಡು ಹೋಗುತ್ತಿದ್ದದ್ದು ಕೆಜಿಎಫ್‌ಗೆ. ಶಿವನಸಮುದ್ರದ ಕರೆಂಟು 1902ರಲ್ಲಿ ಅಲ್ಲಿಗೆ ತಲುಪಿತು. ಬೆಂಗಳೂರಿಗೆ ಬಂದಿದ್ದು 1905ರಲ್ಲಿ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಮನೆಗಳು ಅಲ್ಲೇ ಇದ್ದವು, ಮಕ್ಕಳ ಶಾಲೆ ಅಲ್ಲೇ ಇತ್ತು, ಹಳಿಯೂ ಇತ್ತು. ಕೆಲಸ ಮಾತ್ರ ಇರಲಿಲ್ಲ. ಸಾವಿರಾರು ಜನ ಊರು ಬಿಡದೆ ರೈಲು ಹತ್ತಿದರು. ಬೆಳಗ್ಗೆ ಎರಡೂವರೆ ಗಂಟೆಯ ಪ್ರಯಾಣ, ಸಂಜೆ ಎರಡೂವರೆ ಗಂಟೆಯ ಪ್ರಯಾಣ. ಇವತ್ತಿಗೂ ಅದೇ ನಡೆಯುತ್ತಿದೆ.

ಮಾಲೂರಿನ ದಾರಿ ಸ್ವಲ್ಪ ಬೇರೆ. ಒಂದು ಕಾಲಕ್ಕೆ ಮಾಲೂರು ಅಂದರೆ ಹಂಚು, ಇಟ್ಟಿಗೆ. ಆಮೇಲೆ ಕೈಗಾರಿಕಾ ಪ್ರದೇಶ ಬಂತು. ಪಕ್ಕದ ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರ್ ತಯಾರಾಗುತ್ತಿದೆ. ಅಲ್ಲಿನ ಐಫೋನ್ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು. ಹಾಗಾದರೆ ಹತ್ತಿರದಲ್ಲೇ ಕೆಲಸ ಇದೆ, ಬೆಂಗಳೂರಿಗೆ ಯಾಕೆ ಹೋಗಬೇಕು ಅಂತ ಕೇಳುವವರಿದ್ದಾರೆ. ನಾನು ಕಂಡ ಹಾಗೆ ಆ ಲೈನುಗಳಲ್ಲಿ ನಿಲ್ಲುವವರು ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ನಲವತ್ತು ದಾಟಿದ ಹೆಂಗಸಿಗೆ, ಗಾರೆ ಕೆಲಸದವನಿಗೆ, ಆಸ್ಪತ್ರೆಯ ಆಯಾಗೆ, ಸೆಕ್ಯೂರಿಟಿ ಗಾರ್ಡ್‌ಗೆ ಕೆಲಸ ಸಿಗುವುದು ಬೆಂಗಳೂರಲ್ಲೇ. ಅಲ್ಲಿ ಬಾಡಿಗೆ ಕೊಟ್ಟು ಬದುಕುವಷ್ಟು ಸಂಬಳ ಅವರಿಗೆ ಇಲ್ಲ. ಹಾಗಾಗಿ ಊರಲ್ಲಿ ಮನೆ, ಸಿಟಿಯಲ್ಲಿ ಕೆಲಸ. ಇವೆರಡನ್ನು ಜೋಡಿಸುವುದು ರೈಲ್ವೆಯ ಮಂತ್ಲಿ ಪಾಸು.

ಆ ಪಾಸಿನ ಬೆಲೆ ಏನು ಅಂತ ಎಲ್ಲರಿಗೂ ಚೆನ್ನಾಗಿ ಗೊತ್ತಾಗಿದ್ದು 2020ರಲ್ಲಿ. ಮಾರ್ಚ್‌ನಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತವು. ಮತ್ತೆ ಓಡತೊಡಗಿದಾಗ ಅವುಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿದ್ದರು. ಕಡಿಮೆ ಅಂದರೂ 10 ರೂಪಾಯಿ ಇದ್ದ ಟಿಕೆಟು 30 ಆಯಿತು. ಅದು ಮತ್ತೆ 10ಕ್ಕೆ ಇಳಿದಿದ್ದು 2024ರ ಫೆಬ್ರುವರಿಯಲ್ಲಿ. 2025ರ ಜುಲೈನಲ್ಲಿ ರೈಲು ದರ ಏರಿದಾಗ ಪಾಸಿನ ತಂಟೆಗೆ ಬರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಮನೆಗೆಲಸ ಮಾಡುವ ಒಬ್ಬ ಹೆಂಗಸು ಸಿಟಿಗೆ ಹೋಗಬೇಕೋ ಬೇಡವೋ ಅನ್ನುವುದು ಈ ಒಂದು ಲೆಕ್ಕದ ಮೇಲೆ ನಿಂತಿರುತ್ತದೆ.

ಇನ್ನು ಗಾಡಿ ಯಾಕೆ ತಡವಾಗುತ್ತದೆ? ಕಾರಣ ಸರಳ. ವೈಟ್‌ಫೀಲ್ಡ್‌ನಿಂದ ಈಚೆಗೆ ಇರುವುದು ಹೋಗಲು ಒಂದು, ಬರಲು ಒಂದು, ಒಟ್ಟು ಎರಡೇ ಹಳಿ. ಅದು ಬೆಂಗಳೂರು–ಚೆನ್ನೈ ಮುಖ್ಯ ದಾರಿ. ದೂರದ ಎಕ್ಸ್‌ಪ್ರೆಸ್‌ಗಳು ಅದರ ಮೇಲೆ. 2022ರ ನವೆಂಬರ್‌ನಲ್ಲಿ ಶುರುವಾದ ಮೈಸೂರು–ಚೆನ್ನೈ ವಂದೇ ಭಾರತ್ ಅದರ ಮೇಲೆ. ವೈಟ್‌ಫೀಲ್ಡ್ ಕಂಟೇನರ್ ಡಿಪೋದ ಗೂಡ್ಸು, ದೇವನಗೊಂದಿ ಪೆಟ್ರೋಲ್ ಡಿಪೋದ ಟ್ಯಾಂಕರ್ ಗಾಡಿ ಎಲ್ಲವೂ ಅದರ ಮೇಲೆ. ಹಿಂದಿನಿಂದ ದೊಡ್ಡ ಗಾಡಿ ಬಂತು ಅಂದರೆ ಲೋಕಲ್ಲು ಸ್ಟೇಷನ್ನಿನ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ ಸರಿಯಬೇಕು. ಇಲ್ಲವೇ ಸ್ಟೇಷನ್ನಿನ ಹೊರಗಿನ ಸಿಗ್ನಲ್ಲಿನ ಹತ್ತಿರ, ಅಂದರೆ ಔಟರ್‌ನಲ್ಲಿ ನಿಲ್ಲಬೇಕು. ಔಟರ್‌ನಲ್ಲಿ ನಿಂತ ಇಪ್ಪತ್ತು ನಿಮಿಷ ಅಂದರೆ ಕೆಲವರಿಗೆ ಅರ್ಧ ದಿನದ ಕೂಲಿ. ದಂಡು ಮತ್ತು ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಅದು ಮುಗಿದರೆ ಸಿಟಿಯೊಳಗಿನ ಸಿಕ್ಕು ಸ್ವಲ್ಪ ಸಡಿಲವಾಗುತ್ತದೆ.

ಬೆಂಗಳೂರಿನ ಉಪನಗರ ರೈಲಿನ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರ್‌ನಲ್ಲಿ. ಅಡಿಗಲ್ಲು ಹಾಕಿದ್ದು 2022ರ ಜೂನ್ 20ಕ್ಕೆ. ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚೆಂದದ ಹೆಸರು. ಅದರಲ್ಲಿ ಪಾರಿಜಾತ ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ಗೆ ನಿಲ್ಲುತ್ತದೆ. ಅಂದರೆ ನಮ್ಮ ಸಾಲು ಎಲ್ಲಿ ಶುರುವಾಗುತ್ತದೋ ಅಲ್ಲಿ ಅದು ಮುಗಿಯುತ್ತದೆ. ಬಂಗಾರಪೇಟೆ ತನಕ ತನ್ನಿ ಅನ್ನುವ ಒತ್ತಾಯ ಅಂದಿನಿಂದಲೂ ಇದೆ. ಆ ಒತ್ತಾಯ ನ್ಯಾಯವಾದದ್ದು, ನಾನೂ ಅದರ ಜೊತೆಗಿದ್ದೇನೆ. ಮೆಟ್ರೋ ಕೂಡ ವೈಟ್‌ಫೀಲ್ಡ್ ರೈಲು ನಿಲ್ದಾಣದ ಪಕ್ಕಕ್ಕೆ 2023ರ ಮಾರ್ಚ್‌ನಲ್ಲಿ ಬಂತು. ಅಕ್ಟೋಬರ್‌ನಲ್ಲಿ ಅದು ಮೆಜೆಸ್ಟಿಕ್ ಕಡೆಗೆ ಜೋಡಣೆಯಾಯಿತು. ಟೆಕ್ಕಿಗಳಿಗೆ, ಒಳ್ಳೆಯ ಸಂಬಳದವರಿಗೆ ಅದರಿಂದ ಬಹಳ ಅನುಕೂಲ. 2025ರ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ಕೂಲಿಯವರು ಮತ್ತೆ ಪಾಸನ್ನೇ ನೆಚ್ಚಿಕೊಂಡರು.

ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಬಗ್ಗೆಯೂ ಒಂದು ಮಾತು. ಕರ್ನಾಟಕದ ಭಾಗದಲ್ಲಿ 2024ರ ಕೊನೆಗೆ ಗಾಡಿಗಳು ಓಡತೊಡಗಿದವು. ಬೈಕು, ಆಟೋಗಳಿಗೆ ಅಲ್ಲಿ ಅವಕಾಶ ಇಲ್ಲ. ಕಾರು ಇದ್ದವರಿಗೆ ಮಾಲೂರು ಹತ್ತಿರವಾಯಿತು. ಇಲ್ಲದವರಿಗೆ ಸೈಟಿನ ಬೆಲೆ ದೂರವಾಯಿತು.

ಈಗ ನನಗೆ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ನಾಳೆಯೇ ಹತ್ತು ಹೊಸ ಗಾಡಿ ಬಂದವು ಅಂದುಕೊಳ್ಳಿ. ಜನ ಸುಖವಾಗಿ ಹೋಗಿ ಬರುತ್ತಾರೆ. ಆದರೆ ಊರು? ಅದು ಇನ್ನೂ ಜಾಸ್ತಿ ಖಾಲಿಯಾಗುತ್ತದೆ. ಮನೆ ಮಾತ್ರ ಇಲ್ಲಿ, ಮಿಕ್ಕಿದ್ದೆಲ್ಲ ಅಲ್ಲಿ.

ಹಣದ ಹರಿವನ್ನೇ ನೋಡಿ. ವೈಟ್‌ಫೀಲ್ಡ್‌ನ ದೊಡ್ಡ ಟೆಕ್ ಪಾರ್ಕಿನ ಆಸ್ತಿ ತೆರಿಗೆ ಹೋಗುವುದು ಬೆಂಗಳೂರಿನ ಪಾಲಿಕೆಗೆ. ಆ ಕಟ್ಟಡದ ನೆಲ ಒರೆಸುವವರು ಇರುವುದು ಮಾಲೂರಿನ ಯಾವುದೋ ಬೀದಿಯಲ್ಲಿ. ಅವರಿಗೆ ನೀರು, ದೀಪ, ಚರಂಡಿ, ಕಸದ ಗಾಡಿ ಒದಗಿಸಬೇಕಾದ್ದು ಇಲ್ಲಿನ ಪುರಸಭೆ. ಪುರಸಭೆಗೆ ಇರುವ ಸ್ವಂತ ಆದಾಯದಲ್ಲಿ ದೊಡ್ಡ ಪಾಲು ಮೂವತ್ತು ನಲವತ್ತರ ಸೈಟಿನ ಮನೆಗಳ ಕಂದಾಯ. ಅಂದರೆ ದುಡಿಮೆಯ ಫಲ ಒಂದು ಕಡೆ, ಅದರ ಖರ್ಚು ಇನ್ನೊಂದು ಕಡೆ. ಬೆಂಗಳೂರಿನ ಸುತ್ತಲಿನ ಪ್ರದೇಶಕ್ಕೆ ಯೋಜನೆ ಮಾಡುವ ಬಿಎಂಆರ್‌ಡಿಎ 1985ರ ಕಾಯ್ದೆಯಿಂದ ಬಂದದ್ದು. ಅದರ ವ್ಯಾಪ್ತಿ ಬೆಂಗಳೂರು ನಗರ, ಗ್ರಾಮಾಂತರ, ರಾಮನಗರದ ಕಡೆ. 2025ರಲ್ಲಿ ಬಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಳೆಯ ಬಿಬಿಎಂಪಿಯ ಜಾಗವನ್ನು ಐದು ಪಾಲಿಕೆಗಳಾಗಿ ಹಂಚಿತು. ಕೋಲಾರ ಜಿಲ್ಲೆ ಎರಡರಲ್ಲೂ ಇಲ್ಲ. ದಿನಾ ಸಿಟಿಯನ್ನು ನಡೆಸುವ ಜನ ಇಲ್ಲಿದ್ದಾರೆ, ಸಿಟಿಯ ನಕ್ಷೆಯಲ್ಲಿ ಮಾತ್ರ ಅವರಿಲ್ಲ.

ಇದಕ್ಕೆ ಹೋಲಿಸಿ ನೀರಿನ ವಿಷಯ ನೋಡಬೇಕು. ಅಲ್ಲಿ ಯೋಚನೆ ಜಿಲ್ಲೆಯ ಗಡಿಗೆ ನಿಲ್ಲಲಿಲ್ಲ. ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು, ನೀರಲ್ಲಿ ಫ್ಲೋರೈಡು. ಜನ ಹೋರಾಡಿದರು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್ ಗುರಿ ಇಟ್ಟುಕೊಂಡು, 126 ಕೆರೆ ತುಂಬಿಸುವ ಯೋಜನೆ ಅದು. ಅಂತರ್ಜಲ ಏರಲಿ ಅನ್ನುವುದು ಉದ್ದೇಶ. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅನ್ನುವ ಬೇಡಿಕೆ ಇನ್ನೂ ನಿಂತಿಲ್ಲ, ನಿಲ್ಲಲೂ ಬಾರದು. ನಾವು ಬೆಳೆದ ತರಕಾರಿಗೆ, ನಮ್ಮ ಬಾವಿಗೆ ಸಂಬಂಧಪಟ್ಟ ವಿಷಯ ಅದು. ಕುಡಿಯುವ ನೀರಿಗಾಗಿ ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಬಂಗಾರಪೇಟೆ, ಮಾಲೂರು ಮೂರೂ ಪಟ್ಟಣಕ್ಕೆ ಅದರ ಮೇಲೆ ಆಸೆ. ಕುಂದುಕೊರತೆ ಏನೇ ಇರಲಿ, ನೀರಿನ ವಿಷಯದಲ್ಲಿ ಬೆಂಗಳೂರಿಗೂ ನಮಗೂ ನಡುವೆ ಒಂದು ಲೆಕ್ಕಾಚಾರ ಆಗಿದೆ. ಎಷ್ಟು ಕೋಟಿ ಲೀಟರ್, ಯಾವ ಕೆರೆ, ಯಾವ ಪೈಪು ಎಲ್ಲವೂ ಬರೆದಿಟ್ಟಿದ್ದಾರೆ. ದಿನಾ ಹೋಗಿ ಬರುವ ಮನುಷ್ಯರ ಬಗ್ಗೆ ಅಂಥ ಒಂದು ಲೆಕ್ಕ ಯಾರೂ ಮಾಡಿಲ್ಲ.

ಲೆಕ್ಕ ಸಿಗುವ ಒಂದು ಜಾಗ ಜನಗಣತಿ. ನೀವು ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಯಾವುದರಲ್ಲಿ ಹೋಗುತ್ತೀರಿ ಅಂತ 2011ರ ಜನಗಣತಿಯಲ್ಲಿ ಕೇಳಿದ್ದರು. ಬಹಳ ಒಳ್ಳೆಯ ಪ್ರಶ್ನೆ. ಆದರೆ ಆಮೇಲೆ 2021ರ ಗಣತಿ ನಡೆಯಲೇ ಇಲ್ಲ. ಮುಂದಿನದು 2027ಕ್ಕೆ. ಅಷ್ಟರ ತನಕ ನಮ್ಮ ಊರುಗಳ ಅಳತೆ ಅಂದರೆ ಹದಿನೈದು ವರ್ಷದ ಹಿಂದಿನ ಅಳತೆ. ಈ ಹದಿನೈದು ವರ್ಷದಲ್ಲೇ ತೋಟ, ಹೊಲ ಇದ್ದ ಕಡೆ ಲೇಔಟ್ ಎದ್ದಿದ್ದು. ಮಂಜೂರಾತಿ ಇಲ್ಲದೆ ಹೊಲದಲ್ಲಿ ಕೊರೆದ ಎಷ್ಟೋ ರೆವಿನ್ಯೂ ಸೈಟುಗಳಿಗೆ ಪಾರ್ಕು ಇಲ್ಲ, ಒಳಚರಂಡಿ ಇಲ್ಲ, ರಸ್ತೆಗೆ ಒಂದು ಲೆಕ್ಕ ಇಲ್ಲ. 2025ರ ಫೆಬ್ರುವರಿಯಲ್ಲಿ ಇಂಥ ಆಸ್ತಿಗಳಿಗೆ ಬಿ ಖಾತಾ ಕೊಡುವ ಅಭಿಯಾನ ರಾಜ್ಯದ ಪಟ್ಟಣಗಳಲ್ಲಿ ಶುರುವಾಯಿತು. ಕಂದಾಯ ಕಟ್ಟುವುದಕ್ಕೆ ದಾರಿಯಾಯಿತು, ಒಳ್ಳೆಯದೇ. ಚರಂಡಿ ಯಾವಾಗ ಅನ್ನುವ ಪ್ರಶ್ನೆಗೆ ಖಾತಾ ಉತ್ತರ ಕೊಡುವುದಿಲ್ಲ. ಆ ಪ್ರಶ್ನೆಯನ್ನು ಯಾರಾದರೂ ಹೋಗಿ ಕೇಳಬೇಕು. ಕೇಳಬೇಕಾದವರು ಆ ಹೊತ್ತಿನಲ್ಲಿ ಕೆ.ಆರ್. ಪುರದ ಸೇತುವೆಯ ಮೇಲೆ ಇರುತ್ತಾರೆ.

ಕೇಳುವ ಜಾಗವೂ ಇಲ್ಲ ಅನ್ನುವುದು ಇನ್ನೊಂದು ನೋವು. ಹಳ್ಳಿಯಾದರೆ ಗ್ರಾಮಸಭೆ ಇದೆ. ದೊಡ್ಡ ಸಿಟಿಯಾದರೆ ವಾರ್ಡ್ ಸಮಿತಿ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ. ಮಾಲೂರು, ಬಂಗಾರಪೇಟೆ ಅದರ ಹತ್ತಿರವೂ ಇಲ್ಲ. ಹಳ್ಳಿಯೂ ಅಲ್ಲದ, ಸಿಟಿಯೂ ಅಲ್ಲದ ಊರಿನ ಪಾಡು ಇದು. ಮಕ್ಕಳ ವಿಷಯದಲ್ಲೂ ಹಾಗೇ. ದುಡಿಯಲು ಹೋಗುವ ತಾಯಂದಿರ ಎಳೆ ಮಕ್ಕಳಿಗಾಗಿ 2023ರಲ್ಲಿ ಸರ್ಕಾರ ಕೂಸಿನ ಮನೆ ತೆರೆಯಲು ಹೊರಟಿತು. 4,000 ಗ್ರಾಮ ಪಂಚಾಯ್ತಿಗಳಲ್ಲಿ. ಪಟ್ಟಣದ ತಾಯಿ ಬೆಳಗ್ಗೆ ಐದೂವರೆಗೆ ಮಗುವನ್ನು ಎಲ್ಲಿ ಬಿಡಬೇಕು? ಅಜ್ಜಿ ಇದ್ದರೆ ಅಜ್ಜಿ. ಇಲ್ಲದಿದ್ದರೆ ಪಕ್ಕದ ಮನೆಯ ಅಕ್ಕ. ಶಾಲೆಗೆ ಹೋಗುವ ಮಕ್ಕಳಾದರೆ ನಾಲ್ಕು ಗಂಟೆಗೆ ಬಂದು, ಕಿಟಕಿಯಲ್ಲಿಟ್ಟ ಬೀಗದಕೈ ತೆಗೆದು, ಎಂಟರ ತನಕ ಒಬ್ಬರೇ ಇರುತ್ತಾರೆ. ನಮ್ಮ ಬೀದಿಯಲ್ಲೇ ಇಂಥ ಮಕ್ಕಳಿದ್ದಾರೆ. ಅವರನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹೆಂಗಸರಿಗೆ ಈ ಗಡಿಯಾರದ ಏಟು ಎರಡು ಪಟ್ಟು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಬಂದ ಮೇಲೆ ಬಸ್ಸಿನ ಖರ್ಚು ಇಲ್ಲವಾಯಿತು. ಎಷ್ಟೋ ಜನಕ್ಕೆ ತಿಂಗಳ ಕೊನೆಗೆ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಆದರೆ ಹೊಸಕೋಟೆ, ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಬಸ್ಸು ಯಾವಾಗ ತಲುಪುತ್ತದೆ ಅಂತ ಹೇಳಲಾಗದು. ಮನೆಗೆಲಸಕ್ಕೆ ಎಂಟಕ್ಕೇ ಹೋಗಬೇಕಾದವರು ಈಗಲೂ ರೈಲನ್ನೇ ಹತ್ತುತ್ತಾರೆ. ವಾಪಸ್ ಬಂದ ಮೇಲೆ ನೀರು ಹಿಡಿಯಬೇಕು. ನಲ್ಲಿಯಲ್ಲಿ ನೀರು ಹಗಲಲ್ಲಿ ಬಂದು ಹೋಗಿರುತ್ತದೆ. ಸಂಪು ಇದ್ದವರಿಗೆ ಚಿಂತೆ ಇಲ್ಲ, ಕೊಡ ಹಿಡಿಯುವವರಿಗೆ ಚಿಂತೆ. ನೀರು ಇಲ್ಲ ಅನ್ನುವುದು ಒಂದು ಸಮಸ್ಯೆ. ನೀರು ಬರುವಾಗ ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಬೇರೆಯೇ ಸಮಸ್ಯೆ, ಅಲ್ವಾ? ಎರಡನೆಯದಕ್ಕೆ ಅಣೆಕಟ್ಟು ಬೇಡ. ವಾಲ್ವ್ ತಿರುಗಿಸುವ ಹೊತ್ತು ಬದಲಾದರೆ ಸಾಕು.

‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಕ್ಲಿನಿಕ್‌ಗಳ ವಿಷಯವೂ ಹಾಗೇ. 2022ರ ಡಿಸೆಂಬರ್‌ನಲ್ಲಿ ಬಡವರ ಹತ್ತಿರಕ್ಕೆ ವೈದ್ಯರು ಬರಲಿ ಅಂತ ಶುರುವಾದ ಒಳ್ಳೆಯ ಯೋಜನೆ. ಶುರುವಾದಾಗ ಇಟ್ಟ ಹೊತ್ತು ಬೆಳಗ್ಗೆ 9ರಿಂದ ಸಂಜೆ 4.30. ದಿನಾ ಓಡಾಡುವವನಿಗೆ ಜ್ವರ ಬಂದರೆ ರಾತ್ರಿ ಒಂಬತ್ತಕ್ಕೆ ಖಾಸಗಿ ಡಾಕ್ಟರ ಮುಂದೆ ಕೂರಬೇಕು, ಇಲ್ಲವೇ ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ನುಂಗಬೇಕು. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ತಿಂಗಳಿಗೊಮ್ಮೆ ರಜೆ ಹಾಕಲಾಗದೆ ಮಾತ್ರೆಯನ್ನೇ ಬಿಟ್ಟಿರುವುದನ್ನು ನಾನು ಕಂಡಿದ್ದೇನೆ.

ಹೊತ್ತು ಬದಲಿಸಲು ಆಗುವುದಿಲ್ಲ ಅಂತ ಹೇಳುವಂತಿಲ್ಲ. ಹಳ್ಳಿಯಲ್ಲೇ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೇಂದ್ರಗಳನ್ನು ಸರ್ಕಾರ ತಂದಾಗ ಬೆಳಗ್ಗೆ 8ರಿಂದ ರಾತ್ರಿ 8ರ ತನಕ ತೆರೆದಿರಲಿ ಅಂತಲೇ ತಂದಿತು. ಕೂಲಿಗೆ ಹೋದವರು ಬಂದ ಮೇಲೂ ಕೆಲಸ ಆಗಲಿ ಅನ್ನುವ ಅರಿವು ಅದರಲ್ಲಿದೆ. ಅದೇ ಅರಿವು ಪಟ್ಟಣಕ್ಕೂ ಬರಲಿ. ಪುರಸಭೆಯಲ್ಲಿ ಭಾನುವಾರ ಅರ್ಧ ದಿನ ಖಾತೆ, ಕಂದಾಯ, ಜನನ ಪತ್ರದ ಕೆಲಸ ನಡೆಯಲಿ. ಸಿಬ್ಬಂದಿಗೆ ಬದಲಿ ರಜೆ ವಾರದ ಮಧ್ಯೆ ಕೊಡಲಿ, ಅವರೂ ಮನುಷ್ಯರೇ. ಕ್ಲಿನಿಕ್ ವಾರಕ್ಕೆ ಎರಡು ಸಂಜೆಯಾದರೂ ಎಂಟೂವರೆ ತನಕ ಇರಲಿ. ಸ್ಟೇಷನ್ನಿನಿಂದ ಲೇಔಟುಗಳಿಗೆ ಹೋಗುವ ದಾರಿಗೆ ದೀಪ ಬೇಕು. ರಾತ್ರಿಯ ಗಾಡಿ ಇಳಿದ ಹೆಂಗಸರು ಮೊಬೈಲ್ ಟಾರ್ಚ್ ಹಿಡಿದು ಗುಂಪಾಗಿ ನಡೆಯುತ್ತಾರೆ. ಇದಕ್ಕೆಲ್ಲ ಸಾವಿರ ಕೋಟಿ ಬೇಡ.

ಹಾಗಾದರೆ ಯಾಕೆ ಆಗುತ್ತಿಲ್ಲ? ಇಲ್ಲಿ ನಮ್ಮ ಕಡೆಯ ಕೊರತೆಯನ್ನೂ ಹೇಳಬೇಕು.

ನಮ್ಮ ನಿಜವಾದ ಊರು ಅಂದರೆ ಬೋಗಿ. ಅಲ್ಲಿ ಒಬ್ಬರಿಗೊಬ್ಬರು ಸೀಟು ಹಿಡಿಯುತ್ತೇವೆ. ಅಲ್ಲೇ ಚೀಟಿ ನಡೆಯುತ್ತದೆ. ಮದುವೆ ಕಾರ್ಡು ಕೊಡುವುದು ಅಲ್ಲೇ. ಯಾರಿಗೋ ರಕ್ತ ಬೇಕು ಅಂದರೆ ಟೇಕಲ್ ದಾಟುವುದರೊಳಗೆ ಮೂರು ಜನ ಕೈ ಎತ್ತುತ್ತಾರೆ. ಆಯುಧ ಪೂಜೆಗೆ ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿ, ಪುರಿ ಹಂಚುತ್ತೇವೆ. ಇಷ್ಟು ಗಟ್ಟಿಯಾದ ಸಮುದಾಯ ಈಗಿನ ಕಾಲದಲ್ಲಿ ಎಲ್ಲಿದೆ? ಆದರೆ ಆ ಬೋಗಿಯಲ್ಲಿ ಒಬ್ಬರು ಮಾರಿಕುಪ್ಪಂನವರು, ಒಬ್ಬರು ಬಂಗಾರಪೇಟೆಯವರು, ಒಬ್ಬರು ಮಾಲೂರಿನವರು. ಎಲ್ಲರಿಗೂ ಸಮನಾದದ್ದು ಗಾಡಿ ಒಂದೇ. ಹಾಗಾಗಿ ಗಾಡಿಯ ವಿಷಯ ಬಂದರೆ ಒಂದಾಗುತ್ತೇವೆ, ಸ್ಟಾಪ್ ತೆಗೆದರೆ ಹಳಿಯ ಹತ್ತಿರ ನಿಲ್ಲುತ್ತೇವೆ, ಮನವಿ ಕೊಡುತ್ತೇವೆ. ಇಳಿದು ಮನೆ ಸೇರಿದ ಮೇಲೆ ಪಕ್ಕದ ಮನೆಯವರ ಹೆಸರು ಸರಿಯಾಗಿ ಗೊತ್ತಿರುವುದಿಲ್ಲ. ಚರಂಡಿಗೆ ಒಗ್ಗಟ್ಟು ಹುಟ್ಟುವುದು ಬೀದಿಯಲ್ಲಿ. ಬೀದಿಯಲ್ಲಿ ಕೂತು ಮಾತಾಡುವಷ್ಟು ಹೊತ್ತು ನಮಗೆ ಉಳಿದಿಲ್ಲ. ರೈಲಿನ ಬೇಡಿಕೆ ಇಷ್ಟು ಜೋರಾಗಿ ಕೇಳಿ, ಊರಿನ ಬೇಡಿಕೆ ಕೇಳದೆ ಇರುವುದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ.

ಇದನ್ನು ಮುರಿಯಬೇಕು ಅಂತ ಹೋದ ತಿಂಗಳು ಒಂದು ಭಾನುವಾರ ರಾತ್ರಿ ನಮ್ಮ ಬೀದಿಯ ಹನ್ನೊಂದು ಮನೆಯವರು ಸೇರಿದೆವು. ಮೋರಿ ತುಂಬಿ ಮಳೆಗಾಲದಲ್ಲಿ ಮನೆಯೊಳಗೆ ಬರುತ್ತದೆ, ಅದರ ಬಗ್ಗೆ ಒಂದು ಅರ್ಜಿ ಬರೆದೆವು. ಎಲ್ಲರೂ ಸಹಿ ಹಾಕಿದರು. ಫೋಟೋ ಅಂಟಿಸಿದೆವು. ಕಚೇರಿಗೆ ಹೋಗಿ ಕೊಡುವವರು ಯಾರು ಅನ್ನುವ ಮಾತು ಬಂದಾಗ ಎಲ್ಲರೂ ಸುಮ್ಮನಾದರು. ಸೋಮವಾರ ಹಗಲಲ್ಲಿ ಊರಲ್ಲಿರುವವರು ಒಬ್ಬರೇ ಇದ್ದರು. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ರಾತ್ರಿ ಪಾಳಿ ಮಾಡುವ ಸೆಕ್ಯೂರಿಟಿ ಗಾರ್ಡ್, ಅರವತ್ತರ ಹತ್ತಿರದವರು. "ಕೊಡ್ರಪ್ಪ, ನಾನೇ ಹೋಗ್ತೀನಿ. ಬೆಳಗ್ಗೆ ಗಾಡಿ ಇಳಿದ ಮೇಲೆ ಕಚೇರಿ ತೆಗೆಯೋ ತನಕ ಅಲ್ಲೇ ಕಟ್ಟೆ ಮೇಲೆ ಕೂತಿರ್ತೀನಿ" ಅಂದರು. ಅರ್ಜಿಯನ್ನು ಮಡಿಸಿ ಊಟದ ಚೀಲದೊಳಗೆ ಇಟ್ಟುಕೊಂಡು, ಒಂಬತ್ತರ ಗಾಡಿ ಹಿಡಿಯಲು ಸ್ಟೇಷನ್ ಕಡೆಗೆ ಹೊರಟರು.